ನಪಾಸಾದವರ ದತ್ತಿನಿಧಿ

ಮೂವತ್ತನಾಲ್ಕು ವರ್ಷ ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸಿ, ಸಂಡೂರಿನ ಒಂದು ಗುಡ್ಡವನ್ನು ಅರ್ಧಕ್ಕರ್ಧ ನೆಲಕ್ಕಿಳಿಸಿದ ಮಹಾವೀರ ಕನಕರಾಜ್ ನಿವೃತ್ತನಾದ ದಿನ, ಕಂಪನಿ ಅವನಿಗೆ ಒಂದು ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟಿತು. ಇನ್ನು ಮುಂದೆ ಸಮಯ ನೋಡುವ ಅಗತ್ಯವೇ ಇಲ್ಲದ ಮನುಷ್ಯನನ್ನು ಹುಡುಕಿ ಗಡಿಯಾರ ಕೊಡುವುದರಲ್ಲಿ ನಮ್ಮ ಕಂಪನಿಗಳಿಗೆ ಸರಿಸಾಟಿ ಯಾರೂ ಇಲ್ಲ. ಕನಕರಾಜ್ ಅದನ್ನು ಕಂಕುಳಲ್ಲಿಟ್ಟುಕೊಂಡು, ಕ್ವಾರ್ಟರ್ಸ್ ಖಾಲಿ ಮಾಡಿ, ಗಾದಿಗನೂರಿನಿಂದ ಒಳಗೆ ನಾಲ್ಕು ಕಿಲೋಮೀಟರ್ ಇರುವ ತನ್ನೂರು ಚಿಕ್ಕಬಂಡಿಗೆ ಬಂದಿಳಿದ.

ಬಂದ ತಿಂಗಳೊಳಗೆ ಅವನಿಗೆ ನಿವೃತ್ತರಿಗೆಲ್ಲ ಬರುವ ಕಾಯಿಲೆ ಬಂತು: ಊರಿಗೆ ಏನಾದರೂ ಮಾಡಬೇಕು. ತಂದೆ ಕಾಳಪ್ಪ, ತಾಯಿ ಊರಮ್ಮ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಅವರ ಹೆಸರು ಊರಲ್ಲಿ ನಾಲ್ಕು ಜನರ ಬಾಯಲ್ಲಿ ಮರ್ಯಾದೆಯಿಂದ ಬರಬೇಕು, ಅಷ್ಟೇ ಅವನ ಆಸೆ. ಬದುಕಿದ್ದಾಗ ಅವರ ಹೆಸರು ಬಾಯಿಗಳಲ್ಲಿ ಬೇಕಾದಷ್ಟು ಬಂದಿತ್ತು. ಆದರೆ ಅದು "ಲೇ ಕಾಳ್ಯಾ", "ಏ ಊರಿ" ಎಂದು.

"ಬಸ್‌ಸ್ಟ್ಯಾಂಡಿನಾಗ ಒಂದು ಕಲ್ಲಬೆಂಚ್ ಹಾಕಿಸಿಬಿಡ್ರಿ, ಅತ್ತಿ-ಮಾವನ ಹೆಸರು ಬರಸ್ರಿ, ಮುಗೀತು," ಎಂದಳು ಹೆಂಡತಿ ಲಲಿತಾ.

"ಅಪ್ಪನ ಹೆಸರಿನ ಮ್ಯಾಲ ಮಂದಿ ಕುಂತು ಇಸ್ಪೀಟ್ ಆಡ್ಬೇಕೇನು?"

"ಆಡ್ಲಿ ಬಿಡ್ರಿ. ಇದ್ದಾಗಂತೂ ಮಾವನ ಬಾಜೂಕ ಯಾರೂ ಕುಂದರ್ತಿದ್ದಿಲ್ಲ."

ಲಲಿತಾಳ ಮಾತಿಗೆ ಉತ್ತರ ಕೊಡುವ ಅಭ್ಯಾಸವನ್ನು ಕನಕರಾಜ್ ಮದುವೆಯಾದ ಎರಡನೇ ವರ್ಷವೇ ಬಿಟ್ಟಿದ್ದ. ಬೆಂಚು ಬೇಡ, ಊರಿಗೊಂದು ಕಮಾನೂ ಬೇಡ, ಶಾಲೆಗೇ ಏನಾದರೂ ಮಾಡುತ್ತೇನೆ ಎಂದು ಎದ್ದು ಹೋದ.

ಶಾಲೆಯೇ ಯಾಕೆ ಎಂದು ತಿಳಿಯಬೇಕಾದರೆ ಈ ಕುಟುಂಬದ ಶೈಕ್ಷಣಿಕ ಇತಿಹಾಸ ಸ್ವಲ್ಪ ಗೊತ್ತಿರಬೇಕು. ಕಾಳಪ್ಪ ರಸ್ತೆಬದಿಯಲ್ಲಿ ಜಲ್ಲಿಕಲ್ಲು ಒಡೆಯುತ್ತಿದ್ದ. ಊರಮ್ಮ ಕಂಪ್ಲಿ ಕಡೆಯ ಗದ್ದೆಗಳಿಗೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಇಬ್ಬರಿಗೂ ಅಕ್ಷರದ ಗಂಧವಿಲ್ಲ. ಅವರ ಒಬ್ಬನೇ ಮಗ ಎಸ್ಸೆಸ್ಸೆಲ್ಸಿಗೆ ಕುಳಿತ. ನಪಾಸಾದ. ಮತ್ತೆ ಕುಳಿತ, ಮತ್ತೆ ನಪಾಸಾದ. ಹೀಗೆ ಐದು ಸಲ ಗಣಿತವೆಂಬ ಕೋಟೆಗೆ ಮುತ್ತಿಗೆ ಹಾಕಿ, ಐದು ಸಲ ಸೋತು, ಆರನೇ ಸಲ ಮೂವತ್ತೈದೇ ಅಂಕಗಳೊಂದಿಗೆ ವಿಜಯಪತಾಕೆ ಹಾರಿಸಿದ.

ಆಗ ಫಲಿತಾಂಶ ಪೇಪರಿನಲ್ಲಿ ಬರುತ್ತಿತ್ತು. ಪಾಸಾದವರ ನಂಬರು ಮಾತ್ರ ಇರುತ್ತಿತ್ತು. ಕಾಳಪ್ಪ ಮೊದಲ ಬಸ್ಸಿಗೆ ಹೊಸಪೇಟೆಗೆ ಹೋಗಿ, ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ಗಲ್ಲಾದಲ್ಲಿ ಪೇಪರ್ ಹಿಡಿದು ಕೂತವನ ಮುಂದೆ ಮಗನ ನಂಬರಿನ ಚೀಟಿ ಹಿಡಿದು ನಿಲ್ಲುತ್ತಿದ್ದ. ನಂಬರು ಇಲ್ಲ ಎಂದರೆ ಊರಿಗೆ ಬಂದು, "ಪೇಪರ್‌ನ್ಯಾಗ ಜಾಗ ಸಾಲಿಲ್ಲಂತಲೇ ಕನಕ, ಮುಂದಿನ ಸಲ ಹಾಕ್ತಾರಂತ" ಎನ್ನುತ್ತಿದ್ದ. ಊರಮ್ಮನದು ಇನ್ನೊಂದು ಬಗೆ. ಎಷ್ಟು ಹೆಚ್ಚು ಸಲ ನಾಟಿ ಮಾಡಿದರೆ ಅಷ್ಟು ಹೆಚ್ಚು ಕೂಲಿ ಎಂದು ತಿಳಿದವಳು ಅವಳು. ಪರೀಕ್ಷೆಯೂ ಹಾಗೇ ಎಂದು ನಂಬಿ, ಗದ್ದೆಯ ಕೆಸರಿನಲ್ಲಿ ನಿಂತು, "ಗೌಡ್ರ ಮಗ ಒಂದಾ ಸಲ ಬರದಾನ, ನಮ್ ಕನಕ ಐದು ಸಲ ಬರದಾನ" ಎಂದು ಜೊತೆಯವರ ಹೊಟ್ಟೆ ಉರಿಸುತ್ತಿದ್ದಳು. ನಿಜಕ್ಕೂ ಹಾಗೆ ನಂಬಿದ್ದಳೋ, ಮಗನ ಮಾನ ಕಾಯುತ್ತಿದ್ದಳೋ, ಕನಕರಾಜನಿಗೆ ಇವತ್ತಿಗೂ ತಿಳಿಯದು.

ಆ ವರ್ಷ ಆಗಸ್ಟ್ ಹದಿನೈದರಂದು ಶಾಲೆಯಲ್ಲಿ ಧ್ವಜ ಹಾರಿಸಿದ ಮೇಲೆ ದತ್ತಿನಿಧಿ ಬಹುಮಾನ ವಿತರಣೆ ಇತ್ತು. ತೀರಿಹೋದ ಅಪ್ಪ-ಅಮ್ಮನ ಹೆಸರಲ್ಲಿ ಒಬ್ಬರು ಬ್ಯಾಂಕಿನಲ್ಲಿ ದುಡ್ಡಿಡುವುದು, ಅದರ ಬಡ್ಡಿಯಲ್ಲಿ ಪ್ರತಿವರ್ಷ ಮಗುವೊಂದಕ್ಕೆ ಬಹುಮಾನ ಕೊಡುವುದು, ಇದು ಪದ್ಧತಿ. ಚಿಕ್ಕಬಂಡಿಯ ಸರ್ಕಾರಿ ಪ್ರೌಢಶಾಲೆಗೆ ಇಂಥ ಹನ್ನೊಂದು ನಿಧಿಗಳಿದ್ದವು. ಹನ್ನೊಂದು ದಾನಿಗಳೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಷರತ್ತು ಬರೆಸಿದ್ದರು: ಅತಿ ಹೆಚ್ಚು ಅಂಕ ಪಡೆದವರಿಗೆ. ಅತಿ ಹೆಚ್ಚು ಅಂಕ ಪಡೆದವರು ಯಾವ ಶಾಲೆಯಲ್ಲೂ ಒಬ್ಬರೇ ಇರುತ್ತಾರೆ ಎಂಬ ಸಣ್ಣ ಸಂಗತಿ ಯಾರಿಗೂ ಹೊಳೆದಿರಲಿಲ್ಲ.

ಆ ಒಬ್ಬರು ಸುಕನ್ಯಾ ಎಂಬ ಹುಡುಗಿ. ಹನ್ನೊಂದು ಸಲ ವೇದಿಕೆ ಹತ್ತಿದಳು, ಹನ್ನೊಂದು ಸಲ ಇಳಿದಳು. ಹೊಸಪೇಟೆಯ ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಅಚ್ಚಿನ ಹನ್ನೊಂದು ಶೀಲ್ಡುಗಳು. ಆರನೆಯದರ ಹೊತ್ತಿಗೆ ಅವಳು ಇಳಿಯುವುದನ್ನೇ ಬಿಟ್ಟು, ಮೆಟ್ಟಿಲ ಮೇಲೇ ಕಾಯತೊಡಗಿದಳು. ಅವಳ ತಾಯಿ ಅನುಭವಸ್ಥೆ. ಮನೆಯಿಂದಲೇ ಅಕ್ಕಿಚೀಲ ತಂದಿದ್ದಳು. ಮೈಕಿನಲ್ಲಿ ದೈಹಿಕ ಶಿಕ್ಷಕರು ಹೆಸರು ಓದುತ್ತಿದ್ದರು. "ದಿವಂಗತ ಇವರ ಸ್ಮರಣಾರ್ಥ, ದಿವಂಗತ ಅವರ ಸ್ಮರಣಾರ್ಥ" ಎಂದು ಎಂಟನೆಯದಕ್ಕೆ ಬರುವಾಗ ಉಸಿರು ಕಟ್ಟಿ, ಮುಂದಿನ ಸಾಲಿನಲ್ಲಿ ಕೂತಿದ್ದ ದಾನಿಯನ್ನೇ ದಿವಂಗತರನ್ನಾಗಿ ಮಾಡಿದರು. ಆತ ಎದ್ದು ನಿಂತು ಸಭೆಗೆ ಕೈ ಮುಗಿದ. ಜನ ಚಪ್ಪಾಳೆ ತಟ್ಟಿದರು.

ಕನಕರಾಜನ ಪಕ್ಕದಲ್ಲಿ ಶಾಲೆಯ ಬಿಸಿಯೂಟದ ಅಡುಗೆಯವಳು ಭೀಮಮ್ಮ ನಿಂತಿದ್ದಳು. ಹತ್ತು ವರ್ಷದ ಹಿಂದೆ ಈ ಊರಿಗೆ ಬಂದ ನಲವತ್ತರ ಹತ್ತಿರದ ಹೆಂಗಸು, ಬಾಯಿ ಮಾತ್ರ ಇನ್ನೂ ಇಪ್ಪತ್ತರದು. "ಆ ಹುಡುಗಿ ಮನ್ಯಾಗ ಶೋಕೇಸ್ ತುಂಬಿ ಹೋಗೇತಣ್ಣ," ಎಂದಳು. "ಹಿಂದಿನ ವರ್ಷದವನ್ನ ಅಡಗಿಮನ್ಯಾಗ ಬ್ಯಾಳಿ ಡಬ್ಬಿ ಬಾಜೂಕ ಇಟ್ಟಾರ. ಒಂದರ ಮ್ಯಾಲ ಒಗ್ಗರಣಿ ಸಿಡಿದು, ಯಾರ ಅಪ್ಪನ ಹೆಸರೋ ಏನೋ, ಅಳಿಸೇ ಹೋಗೇತಿ."

ಹನ್ನೆರಡನೆಯ ಶೀಲ್ಡಾಗಿ ಕಾಳಪ್ಪ ಬೇಳೆ ಡಬ್ಬಿಯ ಪಕ್ಕ ನಿಲ್ಲುವ ಚಿತ್ರ ಕನಕರಾಜನ ಕಣ್ಣಮುಂದೆ ಬಂತು. ಮರುದಿನವೇ ಮುಖ್ಯೋಪಾಧ್ಯಾಯ ಮುರುಗೇಶ್ ಅವರ ಕೋಣೆಗೆ ಹೋದ.

ಮುರುಗೇಶ್ ಸರ್ ಕುರ್ಚಿಯ ಹಿಂದೆ ಗೋಡೆಯಗಲದ ಫ್ಲೆಕ್ಸ್ ಇತ್ತು: ಸತತ ಆರು ವರ್ಷ ನೂರಕ್ಕೆ ನೂರು ಫಲಿತಾಂಶ. ಎದುರಿಗೆ ಶಾಲಾ ಸಮಿತಿಯ ಅಧ್ಯಕ್ಷ ಪರಶುರಾಮ್ ಕೂತಿದ್ದ. ಅವನ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎಸ್ಸೆಸ್ಸೆಲ್ಸಿ ಎಂದು ಅಚ್ಚಾಗಿತ್ತು. ಬೇರೆಯವರು ಎಂ.ಎ., ಎಲ್‌ಎಲ್‌.ಬಿ. ಹಾಕಿಸುವ ಜಾಗ ಅದು.

"ಬರ್ರಿ ಕನಕರಾಜಪ್ಪ, ಕುಂದ್ರಿ. ಹನ್ನೆರಡನೇ ನಿಧಿ ನಿಮ್ದಾ?" ಮುರುಗೇಶ್ ಸರ್ ಆಗಲೇ ರಸೀದಿ ಪುಸ್ತಕಕ್ಕೆ ಕೈ ಹಾಕಿದ್ದರು.

"ಹೌದ್ರಿ ಸರ. ಆದ್ರ ನಂದು ಸ್ವಲ್ಪ ಬ್ಯಾರೆ. ನಪಾಸಾದೋರಿಗೆ ಕೊಡಬೇಕು."

ಮುರುಗೇಶ್ ಸರ್ ಕೈ ಹಿಂದಕ್ಕೆಳೆದುಕೊಂಡರು, ರಸೀದಿ ಪುಸ್ತಕದೊಳಗೆ ಚೇಳು ಕಂಡವರಂತೆ. "ಏನಂದ್ರಿ?"

"ನಪಾಸಾದೋರು ಮತ್ತ ಪರೀಕ್ಷೆಗೆ ಕುಂದ್ರಬೇಕಲ್ರಿ. ಅವ್ರಿಗೆ ಪಾಠ ಹೇಳ್ಸಾಕ, ಬಸ್ಸಿಗೆ, ಫೀಸಿಗೆ. ನಮ್ಮಪ್ಪ-ಅವ್ವ ನನಗ ಹಂಗಾ ಮಾಡಿದ್ರು."

"ನಪಾಸಾದ್ರ ರೊಕ್ಕ ಸಿಗ್ತೇತಿ ಅಂದ್ರ ನಾಳೆ ಸುಕನ್ಯಾನೂ ನಪಾಸಾಗ್ತಾಳ್ರೀ!"

"ಆಕಿ ಕೈಲೆ ಆಗಂಗಿಲ್ರಿ ಸರ. ಅದು ಅಷ್ಟು ಸಸಾರ ಇಲ್ಲ. ನಾ ಐದು ಸಲ ಕಷ್ಟ ಬಿದ್ದೀನಿ."

ಪರಶುರಾಮ್ ಗಂಟಲು ಸರಿಮಾಡಿಕೊಂಡ. "ನಪಾಸ್ ಅನ್ನೋ ಶಬ್ದಾನಾ ಸಾಲಿ ಕಂಪೌಂಡಿನಾಗ ಬರಬಾರ್ದು ಅಣ್ಣ. ಊರಿನ ಮಾನ ಹೋಗ್ತೇತಿ."

"ಅದೆಲ್ಲ ಇರಲಿ," ಎಂದರು ಮುರುಗೇಶ್ ಸರ್, ಫ್ಲೆಕ್ಸಿನ ಕಡೆ ತಿರುಗದೆಯೇ ಬೆರಳು ತೋರಿಸಿ. "ನೂರಕ್ಕ ನೂರ್ರೀ. ನಮ್ಮಲ್ಲಿ ನಪಾಸಾದೋರು ಒಬ್ರೂ ಇಲ್ಲ. ನಿಮ್ಮ ರೊಕ್ಕ ಇಸಗೊಂಡು ನಾ ಯಾರಿಗೆ ಕೊಡ್ಲಿ?"

ಒಂದು ಊರಿನ ಮಕ್ಕಳೆಲ್ಲ ಆರು ವರ್ಷದಿಂದ ಜಾಣರಾಗಿಬಿಟ್ಟಿದ್ದಾರೆ ಎಂದರೆ ಸಂತೋಷಪಡಬೇಕು. ಕನಕರಾಜ್ ಸಂತೋಷಪಡಲು ಪ್ರಯತ್ನಿಸುತ್ತ ಹೊರಗೆ ಬಂದ. ಅಡುಗೆಕೋಣೆಯ ಬಾಗಿಲಲ್ಲಿ ಭೀಮಮ್ಮ ತಾಟು ತೊಳೆಯುತ್ತಿದ್ದಳು. ಒಳಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಆ ಶಾಲೆಯಲ್ಲಿ ಅವಳಿಗೆ ಕೇಳಿಸದ ಮಾತನ್ನು ಯಾರೂ ಆಡುತ್ತಿರಲಿಲ್ಲ.

"ನೂರಕ್ಕ ನೂರಂತ," ಎಂದು ಅವಳು ಒಂದು ತಾಟು ಕೊಡವಿದಳು. "ಅಣ್ಣ, ನಂಗ ಲೆಕ್ಕ ಬರಂಗಿಲ್ಲ, ಆದ್ರ ತಾಟು ಎಣಸಾಕ ಬರ್ತೇತಿ. ಜೂನ್‌ದಾಗ ಹತ್ತನೇತ್ತಿಗೆ ನಲವತ್ತೊಂದು ತಾಟು ಹಾಕ್ತೀನಿ. ಜನವರಿ ಬಂತಂದ್ರ ಮೂವತ್ಮೂರು. ಉಳಿದ ಎಂಟು ತಾಟು ಎಲ್ಲಿಗೆ ಹೋದ್ವು ಅಂತ ಕೇಳು."

"ಎಲ್ಲಿಗೆ ಹೋದ್ವು?"

"ಅಪ್ಪ-ಅವ್ವನ ಕರಸ್ತಾರ. 'ನಿಮ್ಮ ಹುಡುಗಿಗೆ ಈ ವರ್ಷ ಬ್ಯಾಡ, ಸುಮ್ನ ನಪಾಸಾಗಿ ಮರ್ಯಾದಿ ಯಾಕ ಕಳ್ಕೊಂತೀರಿ, ಮುಂದಿನ ವರ್ಷ ನೋಡಮು' ಅಂತಾರ. ಹುಡುಗಿ ಮನಿಗೆ ಹೋಗ್ತೇತಿ. ಮುಂದಿನ ವರ್ಷ ಅನ್ನೋದು ಬರೂದಾ ಇಲ್ಲ. ಆಮ್ಯಾಲ ಉಳಿದೋರೆಲ್ಲ ಪಾಸು!"

ನೂರಕ್ಕೆ ನೂರು ಬರುವ ದಾರಿ ಇಷ್ಟು ಸರಳ ಎಂದು ಕನಕರಾಜನಿಗೆ ಗೊತ್ತಿರಲಿಲ್ಲ. ಅದಿರಿನಿಂದ ಮಣ್ಣನ್ನು ಸೋಸಿ ಆಚೆ ಸುರಿಯುವುದನ್ನು ಅವನು ಮೂವತ್ತನಾಲ್ಕು ವರ್ಷ ಮಾಡಿದ್ದ. ಮಕ್ಕಳನ್ನೂ ಹೀಗೆ ಸೋಸಬಹುದು ಎಂಬುದು ಅವನ ತಲೆಗೆ ಬಂದಿರಲಿಲ್ಲ. ಭೀಮಮ್ಮ ಒಂದು ಕಾಗದವನ್ನೂ ನೋಡದೆ, ಮೂರು ವರ್ಷದಲ್ಲಿ ಮಾಯವಾದವರ ಪಟ್ಟಿ ಹೇಳಿದಳು: ಒಬ್ಬಳಿಗೆ ಮೊಟ್ಟೆ ಆಗದು, ಇನ್ನೊಬ್ಬ ಬಾಳೆಹಣ್ಣು ಜೇಬಿಗಿಟ್ಟುಕೊಳ್ಳುವವನು, ಮತ್ತೊಬ್ಬಳಿಗೆ ಸಾಂಬಾರು ಎರಡು ಸಲ ಬೇಕು. ಇಲಾಖೆಯ ಯಾವ ಕಂಪ್ಯೂಟರಿನಲ್ಲೂ ಇಲ್ಲದ ದಾಖಲೆ ಅವಳ ಸೌಟಿನ ತುದಿಯಲ್ಲಿತ್ತು.

"ನನ್ನೂ ಬರಕೊ," ಎಂದಳು ಕೊನೆಗೆ. "ನಾನೂ ನಪಾಸಾದಾಕಿನಾ. ಗಣಿತ, ಇಂಗ್ಲೀಷು. ಇಪ್ಪತ್ತು ವರ್ಷ ಆತು, ಯಾರೂ ಕೇಳಿರಲಿಲ್ಲ."

ಹೀಗೆ ಕನಕರಾಜನ ದಿಗ್ವಿಜಯ ಯಾತ್ರೆ ಶುರುವಾಯಿತು. ಹಿಂದಿನ ರಾಜರು ಆನೆ ಕುದುರೆ ಕಟ್ಟಿಕೊಂಡು ಹೊರಟರೆ, ಇವನು ಹಳೆಯ ಮೊಪೆಡ್‌ಗೆ ಪೆಟ್ರೋಲ್ ಹಾಕಿಸಿಕೊಂಡು ಹೊರಟ. ಕಂಪ್ಲಿಯ ರೈಸ್‌ಮಿಲ್ಲಿನಲ್ಲಿ ಇಬ್ಬರು, ಕುರೆಕುಪ್ಪದ ಕಾರ್ಖಾನೆ ಕ್ಯಾಂಟೀನಿನಲ್ಲಿ ಒಬ್ಬ ಸಿಕ್ಕರು. ಒಬ್ಬಳು ಮದುವೆಯಾಗಿ ಹೋಗಿದ್ದಳು, ಅವಳ ಗಂಡ ಬಾಗಿಲಲ್ಲೇ, "ನಪಾಸಾಗಿದ್ದು ನಮಗ ಹೇಳೇ ಇಲ್ಲ!" ಎಂದು ಕೂಗಾಡಿದ್ದರಿಂದ ವೀರನು ಅಲ್ಲಿಂದ ವೇಗವಾಗಿ ಹಿಮ್ಮೆಟ್ಟಬೇಕಾಯಿತು.

ದೇವಿಕಾ ಎಂಬ ಹುಡುಗಿ ಸಿಕ್ಕಿದ್ದು ಹೊಸಪೇಟೆಯ ಸೀರೆ ಅಂಗಡಿಯಲ್ಲಿ. ಅಲ್ಲಿ ಕೆಲಸಕ್ಕಿದ್ದ ಅವಳು ಇವನನ್ನು ಗಿರಾಕಿ ಎಂದುಕೊಂಡು ಸ್ಟೂಲು ಎಳೆದಳು. "ಬರ್ರಿ ಸರ. ಯಾರಿಗ್ರಿ, ಮನ್ಯಾಗಿನೋರಿಗಾ?"

"ಸೀರಿ ಬ್ಯಾಡವಾ. ನೀ ಚಿಕ್ಕಬಂಡಿ ಸಾಲ್ಯಾಗ ಹತ್ತನೇತ್ತ ನಪಾಸಾದಾಕಿ ಹೌದಲ್ಲ?"

ದೇವಿಕಾ ಕೈಯಲ್ಲಿದ್ದ ಸೀರೆ ಮಡಚಿದಳು. ಮತ್ತೆ ಬಿಚ್ಚಿ, ಮತ್ತೆ ಮಡಚಿದಳು. "ನಾ ನಪಾಸಾಗಿಲ್ರಿ," ಎಂದಳು. "ನಪಾಸಾಗಾಕೂ ಅವ್ರು ಬಿಡ್ಲಿಲ್ಲ."

ಹಲ್ಲುಕಿಸಿಯುತ್ತ ಬಂದಿದ್ದ ಕನಕರಾಜ್ ಅವಳೆಳೆದ ಸ್ಟೂಲಿನ ಮೇಲೆ ಕೂತುಬಿಟ್ಟ. ಐದು ಸಲ ಸೋಲುವುದಕ್ಕೆ ತನಗೆ ಕಾಳಪ್ಪ, ಊರಮ್ಮ ಬೇಕಾಗಿದ್ದರು. ಈ ಹುಡುಗಿಗೆ ಒಂದು ಸಲ ಸೋಲುವುದಕ್ಕೂ ಯಾರೂ ಇರಲಿಲ್ಲ. ಅಂಗಡಿಯ ಮಾಲೀಕ ಗುರಾಯಿಸಿದ. ಆ ದಿನ ಕನಕರಾಜ್ ಒಂದು ಸೀರೆ ಕೊಳ್ಳಲೇಬೇಕಾಯಿತು. ಯಾಕೆ ತಂದಿರಿ ಎಂದು ಲಲಿತಾ ಒಂದು ವಾರ ಅನುಮಾನದಿಂದ ಕೇಳಿದಳು.

ಶಾಲೆ ಕೋಣೆ ಕೊಡಲಿಲ್ಲ. ಊರ ಅಂಬೇಡ್ಕರ್ ಭವನದಲ್ಲಿ ಶಾಮಿಯಾನದ ಕಂಬಗಳನ್ನು ಒಂದು ಮೂಲೆಗೆ ಸರಿಸಿ, ಸಂಜೆ ಆರರಿಂದ ಎಂಟರವರೆಗೆ ತರಗತಿ ಶುರುವಾಯಿತು. ಬಿ.ಎಡ್. ಮುಗಿಸಿ, ಕೆಲಸ ಸಿಗದೆ ಸಂಡೂರಿನಲ್ಲಿ ಲಾರಿ ತೂಗುವ ವೇಬ್ರಿಜ್ಜಿನಲ್ಲಿ ಕೂರುತ್ತಿದ್ದ ಹನುಮೇಶ್ ಎಂಬ ಯುವಕ ಮೇಷ್ಟ್ರಾದ. ಬಾಗಿಲಿಗೆ ಕನಕರಾಜ್ ತಾನೇ ಬರೆದ ಬೋರ್ಡು ನೇತುಹಾಕಿದ: ಕಾಳಪ್ಪ ಊರಮ್ಮ ನಪಾಸಾದವರ ಶಿಕ್ಷಣ ನಿಧಿ. ಭೀಮಮ್ಮ ದಿನಾ ಒಂದು ಡಬರಿ ಮಂಡಕ್ಕಿ ಒಗ್ಗರಣೆ ತರುತ್ತಿದ್ದಳು. ಅವಳ ಮಂಡಕ್ಕಿಗಾಗಿಯೇ ಬರುವವರೂ ಇದ್ದರು ಎಂಬುದನ್ನು ಇತಿಹಾಸಕಾರರು ಮುಚ್ಚಿಡಬಾರದು.

ಕನಕರಾಜನಿಗೂ ಅಲ್ಲಿ ಒಂದು ಹುದ್ದೆ ಇತ್ತು. ನಪಾಸು ಎಂಬ ವಿಷಯದಲ್ಲಿ ಸುತ್ತಮುತ್ತಲ ನಾಲ್ಕು ತಾಲ್ಲೂಕಿಗೆ ಅವನೇ ಹಿರಿಯ ತಜ್ಞ. ವಾರಕ್ಕೊಂದು ದಿನ ಎದ್ದು ನಿಂತು, ತಾನು ಯಾವ ಯಾವ ಸಲ ಯಾವ ಯಾವ ತಪ್ಪು ಮಾಡಿ ಬಿದ್ದೆ ಎಂದು ಸವಿಸ್ತಾರವಾಗಿ ವರ್ಣಿಸುತ್ತಿದ್ದ. "ಮೂರನೇ ಸಲ ಪ್ರಶ್ನೆ ಅರ್ಧಾನಾ ಓದಿದ್ದೆ. ಕೆಳಗ 'ಯಾವುದಾದರೂ ಎರಡಕ್ಕೆ' ಅಂತಿತ್ತು. ನಾ ನಾಕೂ ಬರದೆ, ನಾಕೂ ತಪ್ಪು."

"ನಾಕನೇ ಸಲ ಏನಾತಣ್ಣ?" ಎಂದಳು ಭೀಮಮ್ಮ.

"ನಾಕನೇ ಸಲ ಭಾಳ ಧೈರ್ಯ ಇತ್ತವಾ. ಅದಾ ತ್ರಾಸಾತು."

ಮೂರನೇ ವಾರ, ತಲೆಗೆ ಮಫ್ಲರ್ ಸುತ್ತಿಕೊಂಡ ದಪ್ಪ ಮನುಷ್ಯನೊಬ್ಬ ಹಿಂದಿನ ಬಾಗಿಲಿಂದ ಒಳಗೆ ನುಸುಳಿ, ಕಂಬಗಳ ಮರೆಯಲ್ಲಿ ಕೂತ. ಚಿಕ್ಕಬಂಡಿಯಲ್ಲಿ ಮಫ್ಲರ್ ಬೇಕಾಗುವಂಥ ಚಳಿ ಎಂದೂ ಬೀಳುವುದಿಲ್ಲ. ಹನುಮೇಶ್ ಹಾಜರಿ ಕರೆದು ಮುಗಿಸಿ, "ನಿಮ್ಮ ಹೆಸರ್ರೀ?" ಎಂದ.

ಮನುಷ್ಯ ಮಫ್ಲರನ್ನು ಇನ್ನಷ್ಟು ಕೆಳಗೆಳೆದುಕೊಂಡ. ಭೀಮಮ್ಮ ಹಿಂದಕ್ಕೆ ತಿರುಗಿ ನೋಡಿದಳು. "ಅಯ್ಯ, ಅಧ್ಯಕ್ಷರು! ನಿಮ್ಮ ಕಾರ್ಡಿನಾಗ ಎಸ್ಸೆಸ್ಸೆಲ್ಸಿ ಐತಲ್ರೀ!"

"ಎಸ್ಸೆಸ್ಸೆಲ್ಸಿ ಅಂತ ಐತಿ ಭೀಮವ್ವ," ಎಂದ ಪರಶುರಾಮ್, ಮಫ್ಲರಿನೊಳಗಿಂದಲೇ. "ಪಾಸ್ ಅಂತ ಎಲ್ಲೈತಿ?"

ತರಗತಿಯವರು ನಗದೆ ತಡೆದುಕೊಂಡದ್ದು ಅವರ ದೊಡ್ಡಗುಣ. ಅಥವಾ ಬಾಯ ತುಂಬ ಮಂಡಕ್ಕಿ ಇತ್ತು. ಮರುದಿನದಿಂದ ಅವನು ಮಫ್ಲರ್ ಇಲ್ಲದೆ ಮುಂದಿನ ಬಾಗಿಲಿಂದಲೇ ಬಂದ, ಬಂದು ಭವನಕ್ಕೆ ಎರಡು ಫ್ಯಾನೂ ಹಾಕಿಸಿದ.

ಮಾರ್ಚಿನಲ್ಲಿ ಒಂಬತ್ತು ಜನ ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆ ಬರೆದರು. ಮೇ ತಿಂಗಳಲ್ಲಿ ಫಲಿತಾಂಶ ಮೊಬೈಲಿಗೆ ಬಂತು. ನಾಲ್ವರು ಪಾಸು. ದೇವಿಕಾಳದು ಪ್ರಥಮ ದರ್ಜೆ. ಪರಶುರಾಮ್ ಕನ್ನಡ, ಸಮಾಜ ಎರಡರಲ್ಲಿ ಗೆದ್ದು, ಉಳಿದ ನಾಲ್ಕಕ್ಕೆ ಶತ್ರುಗಳ ಕೈವಾಡ ಕಾರಣ ಎಂದ. ಭೀಮಮ್ಮ ಇಂಗ್ಲಿಷನ್ನು ದಾಟಿ, ಗಣಿತದಲ್ಲಿ ಇಪ್ಪತ್ತೊಂಬತ್ತಕ್ಕೆ ನಿಂತಿದ್ದಳು. "ಇನ್ನ ಆರು ತಾಟು," ಎಂದಳು, ಅಷ್ಟೇ.

ಮತ್ತೆ ಆಗಸ್ಟ್ ಬಂತು. ಹದಿನಾಲ್ಕರ ಮಧ್ಯಾಹ್ನ ಮುರುಗೇಶ್ ಸರ್ ತಾವೇ ಕನಕರಾಜನ ಮನೆಗೆ ಬಂದರು. ಶಾಲೆಯ ಗೇಟಿನ ಹೊಸ ಫ್ಲೆಕ್ಸಿನಲ್ಲಿ, 'ನಮ್ಮ ಹೆಮ್ಮೆಯ ವಿದ್ಯಾರ್ಥಿನಿ' ಎಂದು ದೇವಿಕಾಳ ಫೋಟೋ ಆಗಲೇ ಏರಿತ್ತು. ಲಲಿತಾ ಚಹಾ ತಂದಿಟ್ಟಳು. ಸರ್ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದರು: ಕಪ್ಪು ಗ್ರಾನೈಟ್ ಫಲಕ, ಬಂಗಾರದ ಬಣ್ಣದ ಅಕ್ಷರ. ದಾನಿಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಹನ್ನೊಂದು ಜನರ ತಲೆಯ ಮೇಲೆ, 'ದಿವಂಗತ ಶ್ರೀ ಕಾಳಪ್ಪನವರು ಮತ್ತು ಶ್ರೀಮತಿ ಊರಮ್ಮನವರು'.

"ಡಿಸೈನ್ ಅಷ್ಟಾ ಇದು. ನೀವು ಹ್ಞೂ ಅಂದ್ರ ನಾಳೆ ನಿಮ್ಮ ಕೈಲೇ ಅನೌನ್ಸ್ ಮಾಡಸ್ತೀನಿ. ನಿಧಿ ಸಾಲಿಗೆ ಬರ್ಲಿ, ಅತಿ ಹೆಚ್ಚು ಅಂಕ ಅಂತ ಹಾಕಮು. ಆ ಭವನದಾಗಿನ ಬೋರ್ಡು ಮಾತ್ರ ಇಳಿಸಿಬಿಡ್ರಿ. ಮ್ಯಾಲಿನೋರು ಬಂದ್ರ, ನೂರಕ್ಕ ನೂರು ಅಂತೀರಿ, ಇವ್ರೆಲ್ಲ ಎಲ್ಲಿಂದ ಬಂದ್ರು ಅಂತ ಕೇಳ್ತಾರ."

ಕನಕರಾಜ್ ಆ ಚಿತ್ರವನ್ನು ಬಹಳ ಹೊತ್ತು ನೋಡಿದ. 'ಕಾಳಪ್ಪನವರು'. ಬೆರಳಿಂದ ದೊಡ್ಡದು ಮಾಡಿ ನೋಡಿದ. ಆ 'ನವರು' ಒಂದನ್ನೇ ಇನ್ನೊಮ್ಮೆ ಓದಿದ. ಇದೇ ತಾನು ಬೇಡಿದ್ದು. ನಾಳೆ ಬೆಳಗ್ಗೆ ಧ್ವಜದ ಕೆಳಗೆ, ಊರೆಲ್ಲ ನಿಂತಿರುವಾಗ, ಆ ಹೆಸರು ಮೈಕಿನಲ್ಲಿ ಎಲ್ಲಕ್ಕಿಂತ ಮೊದಲು ಬರುತ್ತದೆ. ದೈಹಿಕ ಶಿಕ್ಷಕರ ಉಸಿರು ಇನ್ನೂ ಗಟ್ಟಿಯಿರುವಾಗಲೇ. ನಮ್ಮ ವೀರನ ಕೋಟೆ ಅರ್ಧ ಬಿದ್ದಿತ್ತು ಎಂದು ಹೇಳಲು ಸಂಕೋಚವೇನಿಲ್ಲ. ಚಹಾ ಆರಿ ಕೆನೆ ಕಟ್ಟಿತು.

"ಸರ, ಒಂದಾ ಮಾತು. ಈ ಸಲ ಜನವರಿದಾಗ ಎಷ್ಟು ತಾಟು ಕಮ್ಮಿ ಆಗ್ತಾವ್ರಿ?"

ಮುರುಗೇಶ್ ಸರ್ ಗೋಡೆಯ ಕಡೆ ನೋಡಿದರು. "ನಂಗೂ ಮ್ಯಾಲಿಂದ ಒತ್ತಡ ಇರ್ತೇತಿ ಕನಕರಾಜಪ್ಪ. ಎಂಬತ್ತಕ್ಕ ಬಂದ್ರ ನೋಟಿಸ್ ಕಳಸ್ತಾರ." ಆ ಒಂದು ವರ್ಷದಲ್ಲಿ ಅವರು ಆಡಿದ ಒಂದೇ ನಿಜವಾದ ಮಾತು ಅದು.

ಕನಕರಾಜ್ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೆ ವಾಪಸು ಕೊಟ್ಟ. "ಫಲಕ ಭಾಳ ಚಂದ ಐತ್ರಿ ಸರ. ಬ್ಯಾಡ. ಆ ಎಂಟು ಮಂದಿನ ಕಳಸೂದಿದ್ರ ನೆಟ್ಟಗ ಭವನಕ್ಕ ಕಳಸ್ರಿ. ಮನಿಗೆ ಕಳಸಬ್ಯಾಡ್ರಿ."

ಸರ್ ಹೋದ ಮೇಲೆ ಲಲಿತಾ ಲೋಟ ಎತ್ತುತ್ತ, "ಬಂಗಾರದ ಅಕ್ಷರ ಇದ್ವಂತಲ್ರೀ" ಎಂದಳು. ಮತ್ತೆ ಕೆದಕದೆ, ಆರಿದ ಚಹಾ ಚೆಲ್ಲಿ ಬೇರೆ ಮಾಡಿ ತಂದುಕೊಟ್ಟಳು. ಆ ಮನೆಯಲ್ಲಿ ಅದು ಅಪರೂಪದ ಸನ್ಮಾನ.

ಸಂಜೆ ಅವನು ಭವನಕ್ಕೆ ಹೋಗುವಾಗ ಹೆಜ್ಜೆ ಭಾರವಾಗಿತ್ತು. ಅಪ್ಪ-ಅವ್ವನಿಗೆ ಸಿಗಬಹುದಾಗಿದ್ದ ಒಂದೇ ಒಂದು ಮರ್ಯಾದೆಯನ್ನು ತಾನೇ ಕೈಯಾರೆ ಹಿಂದಕ್ಕೆ ಕಳಿಸಿದೆನಲ್ಲ ಎಂದು ದಾರಿಯುದ್ದಕ್ಕೂ ಕೊರೆಯುತ್ತಿತ್ತು. ಬಾಗಿಲ ಬಳಿ ಚಪ್ಪಲಿ ಬಿಡುವಾಗ ಒಳಗೆ ಮಾತು ಕೇಳಿಸಿತು. ಕುರೆಕುಪ್ಪದಿಂದ ಹೊಸದಾಗಿ ಸೇರಲು ಬಂದಿದ್ದ ಸಂಗಮ್ಮ ಎಂಬ ಹೆಂಗಸು ಬೋರ್ಡು ನೋಡಿ ಬಂದು, "ಅಕ್ಕ, ಈ ಕಾಳಪ್ಪ ಊರಮ್ಮ ಅಂದ್ರ ಯಾರ್ರೀ?" ಎಂದು ಕೇಳುತ್ತಿದ್ದಳು.

"ಅಯ್ಯ, ಅಷ್ಟೂ ಗೊತ್ತಿಲ್ಲೇನು?" ಇದು ಭೀಮಮ್ಮನ ದನಿ. ಒಂದು ವರ್ಷದ ಹಿರಿತನದ ಠೀವಿ ಅದರಲ್ಲಿತ್ತು. "ಇಬ್ರೂ ಮಾಸ್ತರ್ ಇದ್ರಂತ. ಕಾಳಪ್ಪ ಮಾಸ್ತರು ಅಂದ್ರ ಇಡೀ ಹೊಸಪೇಟೆ ಎದ್ದು ನಿಂದರ್ತಿತ್ತಂತ. ಯಾರನ್ನೂ ನಪಾಸ್ ಅಂತ ಅಂದವರಾ ಅಲ್ಲಂತ. ಊರಮ್ಮ ಟೀಚರು ಗಣಿತ ಹೇಳ್ತಿದ್ರಂತ, ಭಾಳ ಸ್ಟ್ರಿಕ್ಟು. ಕಂಪ್ಲಿತನಕ ಹೋಗಿ ಪಾಠ ಮಾಡಿ ಬರ್ತಿದ್ರಂತ. ನಾವೆಲ್ಲ ಅವ್ರ ಕೈಯಾಗ ಕಲತೋರು ಇದ್ದಂಗ."

"ಹಂಗಾದ್ರ ದೊಡ್ಡ ಮಂದಿ," ಎಂದಳು ಸಂಗಮ್ಮ, ಸೆರಗು ಸರಿಮಾಡಿಕೊಂಡು.

ಕನಕರಾಜ್ ತಿದ್ದಬೇಕೆಂದು ಬಾಯಿ ತೆರೆದ. ಒಂದು ಚಪ್ಪಲಿ ಕಾಲಲ್ಲೇ ಇತ್ತು. ಒಳಗಿನವರೆಲ್ಲ ತಿರುಗಿ ನೋಡಿದರು.

"ಏನಣ್ಣ, ನಾ ಹೇಳಿದ್ದು ಸರಿ ಐತಲ್ಲ?" ಎಂದಳು ಭೀಮಮ್ಮ.

"ಸರಿ ಐತವಾ," ಎಂದ ಕನಕರಾಜ್. ಇನ್ನೊಂದು ಚಪ್ಪಲಿಯನ್ನೂ ಬಿಟ್ಟು, "ಅವ್ವ ಇಂಗ್ಲೀಷೂ ಹೇಳ್ತಿದ್ಲು" ಎಂದು ಸೇರಿಸಿ, ಒಳಗೆ ಹೋಗಿ ಕೂತ.